ಎಳೆಯ ಬೇರಿಗೆ ಅಣುಜೀವಿಗಳ ನೆರವು

ಸಸಿಮಡಿಯಿಂದ ಕಿತ್ತ ಟೊಮೇಟೊ ಸಸಿಯನ್ನು ಹೊಲದಲ್ಲಿ ನೆಟ್ಟ ಮೊದಲ ನಾಲ್ಕಾರು ದಿನಗಳು ಅದರ ಪಾಲಿಗೆ ಕಷ್ಟಕಾಲ. ಕೀಳುವಾಗ ನವಿರಾದ ಬೇರುಗಳಲ್ಲಿ ಬಹುಪಾಲು ಹರಿದು ಮಣ್ಣಿನಲ್ಲಿಯೇ ಉಳಿದುಬಿಡುತ್ತವೆ. ಎಲೆಗಳಾದರೋ ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ. ವರಮಾನಕ್ಕಿಂತ ವೆಚ್ಚ ಹೆಚ್ಚಾದ ಸಂಸಾರದಂತೆ ಸಸಿ ಬಾಡುತ್ತದೆ. ಹೊಸ ಬೇರು ಬೇಗನೆ ಮೂಡಿದರೆ ಬದುಕಿತು. ಇಲ್ಲವಾದರೆ ರೈತನ ಶ್ರಮ, ಬೀಜದ ಹಣ ಎರಡೂ ಮಣ್ಣುಪಾಲು. ಆದುದರಿಂದಲೇ ನಾಟಿಗೆ ಮುನ್ನ ಸಸಿಯ ಬೇರುಗಳನ್ನು ಒಂದು ಬಗೆಯ ಕಪ್ಪು ಬಗ್ಗಡದಲ್ಲಿ ಸ್ವಲ್ಪ ಹೊತ್ತು ಅದ್ದಿಡುವ ಪದ್ಧತಿ ನಮ್ಮ ತರಕಾರಿ ಬೆಳೆಗಾರರಲ್ಲಿ ಉಂಟು. ಆ ಬಗ್ಗಡದಲ್ಲಿರುವುದು ಅಜೋಸ್ಪೈರಿಲಮ್ ಎಂಬ ಬ್ಯಾಕ್ಟೀರಿಯ. ಕಣ್ಣಿಗೆ ಕಾಣದ ಈ ಜೀವಿ ಬೇರಿಗೆ ಮಾಡುವ ಉಪಕಾರವೇನು?

ಭೌತವಿಜ್ಞಾನದ ಅಧ್ಯಾಪಕನಾದ ನನ್ನನ್ನು ಈ ವಿಷಯಕ್ಕೆ ಎಳೆದುದು ಒಂದು ಚಿಕ್ಕ ಲೆಕ್ಕ. 1 ಮಿಲಿಮೀಟರ್ ವ್ಯಾಸದ ಬೇರೊಂದರ ದ್ರವ್ಯದಿಂದಲೇ, ಅದೇ ಉದ್ದದ, 0.1 ಮಿಲಿಮೀಟರ್ ವ್ಯಾಸದ ಬೇರುಗಳನ್ನು ಮಾಡಿದೆವೆಂದು ಭಾವಿಸಿ. ಅಂಥವು 100 ಆಗುತ್ತವೆ. ಅವುಗಳ ಒಟ್ಟು ಹೊರಮೈ ಮೊದಲಿನ ಹತ್ತರಷ್ಟು. (ವಾಚಕರು ಕಾಗದದ ಮೇಲೆ ಪರೀಕ್ಷಿಸಿ ನೋಡಬಹುದು.) ಗಿಡವು ನೀರನ್ನೂ ಲವಣಗಳನ್ನೂ ಹೀರುವುದು ಹೊರಮೈಯಿಂದಲೇ ಅಷ್ಟೆ. ಅದರಲ್ಲಿಯೂ ಫಾಸ್ಫೇಟು ಮಣ್ಣಿನ ಕಣಗಳಿಗೆ ಅಂಟಿಕೊಂಡು ಬಹಳ ನಿಧಾನವಾಗಿ ವಿಸರಣಗೊಳ್ಳುವ ವಸ್ತು. ಬೇರಿಗೆ ತೀರ ಹತ್ತಿರದ್ದು ಮುಗಿಯಿತೆಂದರೆ ಆಚೆಯದು ಬರುವವರೆಗೆ ಕಾದಿರಬೇಕು. ಕಾಯುವುದಕ್ಕಿಂತ ಕವಲೊಡೆದು, ರೋಮಗಳನ್ನು ಚಾಚಿ, ತಾನೇ ಅದರ ಬಳಿಗೆ ಹೋಗುವುದು ಬೇರಿಗೆ ಲೇಸು.

ಬೇರನ್ನು ಸುತ್ತಿಕೊಂಡಿರುವ ತೆಳುವಾದ ಮಣ್ಣಿನ ಪದರ ಒಂದು ಪ್ರತ್ಯೇಕ ಲೋಕ. ಜರ್ಮನಿಯ ಲೊರೆಂಜ್ ಹಿಲ್ಟ್‌ನರ್ 1904ರಲ್ಲಿ ಅದಕ್ಕೆ ರೈಜೋಸ್ಫಿಯರ್ ಎಂದು ಹೆಸರಿಟ್ಟನು; ನಾವು ಬೇರುವಲಯ ಎನ್ನೋಣ. ಬೇರಿನಿಂದ ಸಕ್ಕರೆ, ಆಮ್ಲ ಮೊದಲಾದವು ಸೋರುವುದರಿಂದ ಬ್ಯಾಕ್ಟೀರಿಯಗಳು ಅಲ್ಲಿ ಮುತ್ತುತ್ತವೆ. ನಮ್ಮ ಜೀವಿಯನ್ನು ಡಚ್ ವಿಜ್ಞಾನಿ ಬೈಯರಿಂಕ್ 1925ರಲ್ಲಿಯೇ ವರ್ಣಿಸಿದ್ದನು. 1970ರ ದಶಕದಲ್ಲಿ ಬ್ರೆಜಿಲ್ಲಿನ ಯೋಹಾನ್ನಾ ಡೊಬೆರೈನರ್ ಮತ್ತು ಸಂಗಡಿಗರು ಹುಲ್ಲುಗಳ ಬೇರಿನಲ್ಲಿ ಅದನ್ನು ಕಂಡ ಮೇಲೆ ಅದಕ್ಕೆ ಮಹತ್ತ್ವ ಬಂದಿತು. ಈಗಿನ ಹೆಸರು ದೊರೆತುದು 1978ರಲ್ಲಿ. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುವುದೇ ಅದರ ಉಪಕಾರವೆಂದು ಮೊದಲು ಎಣಿಸಿದರು. ಅದು ಸಾರಜನಕವನ್ನು ಹಿಡಿಯುವುದು ನಿಜ. ಆದರೆ ಬೇರಿನ ಆಕಾರವೇ ಬದಲಾಗುವುದನ್ನು ಅಷ್ಟರಿಂದಲೇ ವಿವರಿಸಲಾಗದು.

ಬೇರಿನಿಂದ ಸೋರುವ ವಸ್ತುಗಳಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವೂ ಒಂದು. ಬ್ಯಾಕ್ಟೀರಿಯ ಇದನ್ನು ಇಂಡೋಲ್ ಅಸಿಟಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತದೆ. ಗಿಡವು ತನ್ನ ಬೆಳವಣಿಗೆಯನ್ನು ನಿಯಂತ್ರಿಸಲು ತಾನೇ ತಯಾರಿಸಿಕೊಳ್ಳುವ ಹಾರ್ಮೋನೂ ಇದೇ! ಹೊರಗಿನಿಂದ ಬಂದ ಈ ಆಜ್ಞೆಯನ್ನು ಬೇರು ತನ್ನದೆಂದೇ ತಿಳಿದು ಪಕ್ಕದ ಬೇರುಗಳನ್ನೂ ರೋಮಗಳನ್ನೂ ಹೊರಡಿಸುತ್ತದೆ. ಇದು ಬರಿಯ ಊಹೆಯಲ್ಲ. ಈ ಆಮ್ಲವನ್ನು ಕಡಮೆ ತಯಾರಿಸುವ ವಿಕೃತ ತಳಿಗಳನ್ನು ಗೋಧಿಯ ಸಸಿಗಳಿಗೆ ಸೇರಿಸಿ ನೋಡಿದಾಗ ಬೇರಿನ ಮಾರ್ಪಾಡು ಕುಗ್ಗಿತು.

ಇಲ್ಲೊಂದು ತೊಡಕುಂಟು. ಬೇರಿಗೆ ಬೇಕಾದ ಹಾರ್ಮೋನಿನ ಪ್ರಮಾಣ ಅತ್ಯಲ್ಪ. ಅದು ಮೀರಿದರೆ ಬೇರು ನೀಳವಾಗುವುದಕ್ಕೆ ಬದಲು ಮೊಟಕಾಗುತ್ತದೆ. ಬ್ಯಾಕ್ಟೀರಿಯಗಳ ಸಂಖ್ಯೆ ವಿಪರೀತವಾದಾಗಲೂ ಇದೇ ಫಲ. ‘ಜೈವಿಕ ಗೊಬ್ಬರ’ ಎಂಬ ಹೆಸರು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲದಿರುವುದು ಇದರಿಂದಲೇ. ಗೊಬ್ಬರವೆಂದೊಡನೆ ಇನ್ನೊಂದು ಬೊಗಸೆ ಸುರಿಯೋಣವೆನಿಸುವುದು ಸಹಜವಲ್ಲವೆ?

ಪೊಟ್ಟಣದಲ್ಲಿರುವ ಕಪ್ಪು ಪುಡಿ ಸಾಮಾನ್ಯವಾಗಿ ಲಿಗ್ನೈಟು. ಜೀವಿಗಳಿಗೆ ಅದು ವಾಹನ ಮಾತ್ರ. ಬಿಸಿಲಿಗೆ ಇಟ್ಟರೆ, ಅವಧಿ ಮೀರಿದರೆ ಅವು ಸಾಯುತ್ತವೆ, ಪುಡಿಯ ಬಣ್ಣವೇನೂ ಬದಲಾಗುವುದಿಲ್ಲ. ರಾಸಾಯನಿಕ ಔಷಧಿಗಳೊಡನೆ ಬೆರೆಸುವುದೂ ಸಲ್ಲದು. ಇಷ್ಟೆಲ್ಲ ಜಾಗರೂಕತೆಯಿಂದ ನೆಟ್ಟರೂ ಎಲ್ಲ ಹೊಲಗಳಲ್ಲಿ ಸಮನಾದ ಫಲ ಕಾಣದು. ಆ ಮಣ್ಣಿನಲ್ಲಿ ಮೊದಲೇ ನೆಲಸಿದ ಅಸಂಖ್ಯ ಅಣುಜೀವಿಗಳು ಹೊಸಬರಿಗೆ ಸುಲಭವಾಗಿ ಎಡೆಗೊಡುವುದಿಲ್ಲ. ಸೇರಿಸಿದ ಬ್ಯಾಕ್ಟೀರಿಯಗಳ ಸಂಖ್ಯೆ ಅನೇಕ ವೇಳೆ ಕೆಲವೇ ವಾರಗಳಲ್ಲಿ ಇಳಿದುಹೋಗುತ್ತದೆ. ಆದರೆ ಕಿತ್ತು ನೆಟ್ಟ ಸಸಿಗೆ ನೆರವು ತುರ್ತಾಗಿ ಬೇಕಾಗಿರುವುದೂ ಆ ಮೊದಲ ವಾರಗಳಲ್ಲಿಯೇ.