ಕ್ಯಾಮೆರಾದ ಎದುರಿನಲ್ಲಿ ಉಪನ್ಯಾಸ

ಅಧ್ಯಾಪಕನು ಕ್ಯಾಮೆರಾವನ್ನು ಎದುರಿಗಿಟ್ಟುಕೊಂಡು, ತಾನೊಬ್ಬನೇ ಕುಳಿತು ಪಾಠ ಹೇಳುವ ಪದ್ಧತಿಯು ಈಚೆಗೆ ನಮ್ಮ ಕಾಲೇಜುಗಳಲ್ಲಿ ಬಳಕೆಗೆ ಬಂದಿದೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಅನಿವಾರ್ಯವೆಂದು ಕೈಕೊಂಡ ಈ ಕಾರ್ಯವು ಆ ಅನಿವಾರ್ಯತೆ ಕಳೆದ ಮೇಲೂ ಉಳಿದುಕೊಂಡಿತು. ಹೀಗೆ ಸಿದ್ಧವಾದ ವಿಡಿಯೊಗಳಲ್ಲಿ ಅನೇಕವು ನೋಡುವವರನ್ನು ಹಿಡಿದು ನಿಲ್ಲಿಸಲಾರವು. ವಿಷಯದ ಬಡತನ ಇದಕ್ಕೆ ಕಾರಣವೆನ್ನಲಾಗದು. ತರಗತಿಯ ಮಾತನ್ನೇ ಯಥಾವತ್ತಾಗಿ ಕ್ಯಾಮೆರಾಕ್ಕೆ ಒಪ್ಪಿಸುವುದು ಕಾರಣವೆಂದು ನಮಗೆ ತೋರುತ್ತದೆ. ಇತಿಹಾಸದ ಅಧ್ಯಾಪಕರಾದ ನಾವು ಈ ವಿದ್ಯೆಯನ್ನು ಹಗುರವಾಗಿ ಕಂಡೆವೆಂದರೆ ವಿದ್ಯಾರ್ಥಿಗಳು ಇತಿಹಾಸವನ್ನು ಕೇಳುವುದನ್ನೇನೂ ಬಿಡುವುದಿಲ್ಲ. ಆಧಾರಗಳ ಗೊಡವೆಯಿಲ್ಲದೆ ಸೊಗಸಾಗಿ ಮಾತನಾಡಬಲ್ಲವರಿಂದ ಕೇಳುತ್ತಾರೆ.

ಕಾಣದ ಕೇಳುಗರನ್ನು ಕುರಿತು ಮಾತನಾಡುವ ತೊಡಕು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದಂದಿನಿಂದಲೂ ಅದು ಇದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ನಡೆದ ಟೆಲಿವಿಷನ್ ಪ್ರಯೋಗದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಆದರೆ ಅಲ್ಲಿ ಊರಿನ ಜನ ಒಂದೇ ಪೆಟ್ಟಿಗೆಯ ಮುಂದೆ ಕಲೆತು ಕುಳಿತು ನೋಡುತ್ತಿದ್ದರು. ಮಾತನಾಡುವವನು ಸಭೆಯೊಂದನ್ನು ಕಲ್ಪಿಸಿಕೊಳ್ಳಬಹುದಾಗಿತ್ತು. ಇಂದಿನ ವಿದ್ಯಾರ್ಥಿಯು ಒಂಟಿಯಾಗಿ, ಮೊಳದ ದೂರದಲ್ಲಿ ಫೋನನ್ನು ಹಿಡಿದು ನೋಡುತ್ತಾನೆ. ಅವನ ಎದುರಿನಲ್ಲಿ ಸಭಾಭಾಷಣದ ಗಟ್ಟಿಸ್ವರವು ಕಿವಿಯ ಬಳಿ ಕೂಗಿದಂತಾಗುತ್ತದೆ. ಟೆಲಿವಿಷನ್ನಿನಲ್ಲಿ ನೇರವಾಗಿ ನೋಡುತ್ತ, ಹರಟೆಯ ದನಿಯಲ್ಲಿ ನುಡಿಯುವ ವ್ಯಕ್ತಿಯನ್ನು ನೋಡುಗನು ತನ್ನ ಪರಿಚಿತನೆಂಬಂತೆ ಭಾವಿಸುತ್ತಾನೆಂದು ಹಾರ್ಟನ್ ಮತ್ತು ವೋಲ್ ಎಂಬ ವಿದ್ವಾಂಸರು 1956ರಲ್ಲಿಯೇ ವಿವರಿಸಿದ್ದರು. ಒಬ್ಬನೊಡನೆ ಮಾತನಾಡುತ್ತಿದ್ದೇವೆಂಬ ಭಾವನೆ ಮೊದಲು ನಮ್ಮಲ್ಲಿ ನೆಲೆಗೊಳ್ಳಬೇಕು.

ಇಲ್ಲಿ ಕಣ್ಣಿನ ಪಾತ್ರ ದೊಡ್ಡದು. ಫೋನಿನ ಮಸೂರವು ಅದರ ಮೇಲಂಚಿನಲ್ಲಿದ್ದರೆ ಮಾತನಾಡುವವನ ದೃಷ್ಟಿ ಸಹಜವಾಗಿಯೇ ನಡುವೆ ಮೂಡಿದ ತನ್ನ ಬಿಂಬದ ಮೇಲೆ ಹರಿಯುತ್ತದೆ. ನೋಡುವವನಿಗೆ ಆತನು ತಲೆತಗ್ಗಿಸಿದಂತೆ ಕಾಣುತ್ತಾನೆ. ಬಿಂಬವನ್ನು ಒಂದು ಕಾಗದದಿಂದ ಮುಚ್ಚಿ, ನಾಲ್ಕಾರು ಪುಸ್ತಕಗಳ ಮೇಲೆ ಫೋನನ್ನು ನಿಲ್ಲಿಸಿ ಮಸೂರವನ್ನು ಕಣ್ಣಿನ ಮಟ್ಟಕ್ಕೆ ತಂದರೆ ಸಾಕು. (ಬೆನ್ನಹಿಂದೆ ಪುಸ್ತಕಗಳ ಕಪಾಟನ್ನು ಪ್ರದರ್ಶಿಸುವುದಕ್ಕಿಂತ ಇದು ಪುಸ್ತಕಗಳ ಮೇಲಾದ ಉಪಯೋಗ.) ಕಿಟಕಿಯ ಬೆಳಕು ಮುಖದ ಮೇಲೆ ಬೀಳಲಿ, ಬೆನ್ನಿಗೆ ಬೇಡ. ಚಿತ್ರವು ಕೊಂಚ ಮಸುಕಾದರೂ ನೋಡುವವನು ಸಹಿಸುತ್ತಾನೆ, ಗೋಡೆಗಳಿಂದ ಮಾರ್ದನಿಗೊಳ್ಳುವ ದನಿಯನ್ನು ಸಹಿಸುವುದಿಲ್ಲ. ಆದುದರಿಂದ ಹಣವನ್ನು ವೆಚ್ಚಮಾಡುವುದಾದರೆ ಕೊರಳಪಟ್ಟಿಗೆ ಸಿಕ್ಕಿಸುವ ಚಿಕ್ಕ ಮೈಕಿಗೆ ಮೊದಲು ಮಾಡತಕ್ಕದ್ದು.

ಬರೆದುಕೊಂಡು ಓದಬೇಕೇ ಎಂಬುದು ಹೆಚ್ಚಿನವರ ಪ್ರಶ್ನೆ. ಮಸೂರದ ಮುಂದಿನ ಓರೆಗಾಜಿನ ಮೇಲೆ ಅಕ್ಷರಗಳು ಸರಿಯುವ ಉಪಕರಣವುಂಟು. ಫೋನಿನಲ್ಲಿಯೂ ಅಂಥ ಸೌಕರ್ಯ ಬಂದಿದೆ. ಆದರೆ ನಮ್ಮ ಬರವಣಿಗೆಯ ಕನ್ನಡವು ಕ್ರಿಯಾಪದವನ್ನು ಕೊನೆಯವರೆಗೆ ತಡೆದಿಡುವ ದೀರ್ಘ ವಾಕ್ಯಗಳದು. ಪುಟದ ಮೇಲೆ ಕಣ್ಣು ಹಿಂದಿರುಗಬಲ್ಲದು, ಕಿವಿ ಹಿಂದಿರುಗಲಾರದು. 1957ರಲ್ಲಿ ಬ್ರಿಟಿಷ್ ಇತಿಹಾಸಕಾರ ಎ. ಜೆ. ಪಿ. ಟೇಲರ್ ಟೆಲಿವಿಷನ್ನಿನಲ್ಲಿ ರಷ್ಯದ ಕ್ರಾಂತಿಯನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟರು; ಟಿಪ್ಪಣಿಗಳಿಲ್ಲ, ಚಿತ್ರಪಟಗಳಿಲ್ಲ, ಮಾತೊಂದೇ. ಎಲ್ಲರಿಗೂ ಆ ಶಕ್ತಿ ಇರದು. ಮೊದಲ ಎರಡು ವಾಕ್ಯಗಳನ್ನು ಕಂಠಪಾಠ ಮಾಡಿ, ಉಳಿದುದಕ್ಕೆ ಐದಾರು ಸೂಚನೆಗಳನ್ನು ಮಾತ್ರ ಬರೆದಿಟ್ಟುಕೊಳ್ಳುವುದು ಮಧ್ಯಮ ಮಾರ್ಗ.

ವಿಡಿಯೊ ಎಷ್ಟು ದೀರ್ಘವಾಗಿರಬೇಕೆಂಬುದಕ್ಕೆ ಒಂದು ಆಧಾರವುಂಟು. ಎಡ್‌ಎಕ್ಸ್ ಸಂಸ್ಥೆಯ ನಾಲ್ಕು ಪಠ್ಯಕ್ರಮಗಳ 862 ವಿಡಿಯೊಗಳನ್ನು ವಿದ್ಯಾರ್ಥಿಗಳು ನೋಡಿದ ಬಗೆಯನ್ನು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಪರಿಶೀಲಿಸಿತು. ವಿಡಿಯೊ ಎಷ್ಟೇ ದೀರ್ಘವಾಗಿದ್ದರೂ ನೋಡಿದ ಕಾಲದ ಮಧ್ಯಾಂಕವು 6 ನಿಮಿಷಗಳನ್ನು ಮೀರಲಿಲ್ಲ. ತರಗತಿಯ ಉಪನ್ಯಾಸವನ್ನು ಚಿತ್ರೀಕರಿಸಿ ತುಂಡುಮಾಡಿದವು, ಕ್ಯಾಮೆರಾಕ್ಕೆಂದೇ ಸಿದ್ಧಪಡಿಸಿದವುಗಳಷ್ಟು ನೋಡುಗರನ್ನು ಹಿಡಿಯಲಿಲ್ಲ. ಸ್ಟುಡಿಯೋದ ಆಡಂಬರಕ್ಕಿಂತ ಮೇಜಿನೆದುರು ಕುಳಿತು ಆಡಿದ ಆತ್ಮೀಯ ಮಾತು ಮೇಲೆನಿಸಿತು.

ಈ 6 ನಿಮಿಷಗಳ ಸಂಗತಿಯು ಇತಿಹಾಸಕ್ಕೆ ಒಂದು ವಿಶೇಷ ಇಕ್ಕಟ್ಟನ್ನು ತರುತ್ತದೆ. ಹಲ್ಮಿಡಿ ಶಾಸನದ ಪಾಠವನ್ನು ತೆಗೆದುಕೊಳ್ಳೋಣ. ಕದಂಬರ ವಂಶಾವಳಿಯಿಂದ ತೊಡಗಿ, ಶಾಸನವನ್ನು ವರ್ಣಿಸಿ, ಕಾಲನಿರ್ಣಯದ ಭಿನ್ನಾಭಿಪ್ರಾಯಗಳನ್ನು ಕಡೆಯಲ್ಲಿ ಹೇಳುವುದು ತರಗತಿಯ ಕ್ರಮ. ವಿಡಿಯೊದಲ್ಲಿ ಹೀಗೆ ಮಾಡಿದರೆ ಆ ಕಡೆಯ ಭಾಗವನ್ನು ತಲಪುವವರು ಕೆಲವರೇ, ಉಳಿದವರು "ಕನ್ನಡದ ಮೊಟ್ಟಮೊದಲ ಶಾಸನ, ಕ್ರಿ.ಶ. 450" ಎಂಬ ಸೂತ್ರವನ್ನು ಮಾತ್ರ ಹೊತ್ತುಕೊಂಡು ಹೋಗುತ್ತಾರೆ. ಆದುದರಿಂದ ಕ್ರಮವನ್ನು ತಿರುಗಿಸಬೇಕು. ಕಲ್ಲಿನ ಚಿತ್ರವನ್ನು ಕೈಯಲ್ಲಿ ಹಿಡಿದು, "ಈ ಕಲ್ಲಿನ ಮೇಲೆ ತೇದಿಯಿಲ್ಲ, ಹಾಗಿದ್ದೂ ಇದನ್ನು ಸುಮಾರು ಐದನೆಯ ಶತಮಾನದ್ದು ಎನ್ನುತ್ತೇವೆ, ಹೇಗೆ?" ಎಂದು ಮೊದಲ ಅರೆನಿಮಿಷದಲ್ಲಿಯೇ ಕೇಳಬೇಕು. ಲಿಪಿಯ ಸ್ವರೂಪ, ಭಾಷೆಯ ಹಳಮೆ, ಶಾಸನೋಕ್ತ ಕಾಕುಸ್ಥನು ಯಾರೆಂಬ ಚರ್ಚೆ, ತಾಳಗುಂದದ ಸಿಂಹಕಟಾಂಜನ ಶಾಸನವು ಇದಕ್ಕಿಂತ ಹಳೆಯದೆಂಬ ವಾದ, ಇವು ಒಂದೊಂದಾಗಿ ಆ ಪ್ರಶ್ನೆಗೆ ಉತ್ತರವಾಗಿ ಬರುತ್ತವೆ. ಸಂದೇಹವು ಕೇಳುಗನನ್ನು ಬೇಸರಪಡಿಸುತ್ತದೆಂಬ ಭಯ ನಮ್ಮಲ್ಲಿ ಅನೇಕರಿಗಿದೆ. ಪತ್ತೇದಾರಿ ಕಾದಂಬರಿಗಳನ್ನು ಓದುವವರು ಇದನ್ನು ಒಪ್ಪಲಾರರು.

ಕರಿಹಲಗೆಯ ಮೇಲಿನ ಬರಹ ಸಂಜೆಗೆ ಅಳಿಯುತ್ತದೆ, ವಿಡಿಯೊ ವರ್ಷಗಟ್ಟಲೆ ಸುತ್ತುತ್ತದೆ. ಚಿತ್ರೀಕರಿಸಿದ ತಿಂಗಳು ಮತ್ತು ವರ್ಷವನ್ನು ಆರಂಭದಲ್ಲಿಯೇ ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಹೊಸ ಶಾಸನವೊಂದು ದೊರೆತಾಗ ಒಂದು ಗಂಟೆಯ ಉಪನ್ಯಾಸವನ್ನು ಮತ್ತೆ ಸಿದ್ಧಪಡಿಸಲು ಯಾರೂ ಮುಂದಾಗುವುದಿಲ್ಲ. ಆರು ನಿಮಿಷದ ಒಂದು ಭಾಗವಾದರೆ ಒಂದು ಮಧ್ಯಾಹ್ನದಲ್ಲಿ ಅದನ್ನು ಬದಲಿಸಬಹುದು.