ತಾಮ್ರ ಅದೇ, ನೀರು ಬೇರೆ

ಮಳೆಗಾಲ ಹಿಡಿಯುವ ಮುನ್ನ ಮಲೆನಾಡಿನ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣ ತಯಾರಿಸುವ ಗಡಿಬಿಡಿ. ಒಂದು ಡ್ರಮ್ಮಿನಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟ್) ಕರಗಿದ ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ನೀರು. ನೂರು ಲೀಟರಿಗೆ ತಲಾ ಒಂದು ಕಿಲೋ. ಎರಡನ್ನೂ ಕೂಡಿಸಿದ ಮೇಲೆ ಅನುಭವಸ್ಥರು ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ, ತುಸು ಹೊತ್ತು ಬಿಟ್ಟು ಮೇಲೆತ್ತುತ್ತಾರೆ. ಅಲಗಿಗೆ ಕೆಂಪು ಲೇಪ ಹಿಡಿದಿದ್ದರೆ ಇನ್ನಷ್ಟು ಸುಣ್ಣ ಬೇಕು ಎಂದೇ ಅರ್ಥ. ಸುಣ್ಣಕ್ಕೆ ಸಿಗದೆ ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂತಿರುತ್ತದೆ. ಹಾಗೇ ಸಿಂಪಡಿಸಿದರೆ ಹಿಂಗಾರ, ಎಳೆಮಿಡಿ ಸುಟ್ಟುಹೋಗುತ್ತವೆ. ಮೈಸೂರು ಸರ್ಕಾರದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗಕ್ಕೆ ಈ ಮದ್ದನ್ನು ಬಳಕೆಗೆ ತಂದರು.

ಕತ್ತಿ ಕೇಳುವ ಪ್ರಶ್ನೆಯನ್ನೇ ಜಲವಿಜ್ಞಾನಿಗಳು ಕೆರೆ, ಹೊಳೆಗಳ ಪಾಚಿಯ ವಿಷಯದಲ್ಲೂ ಕೇಳುತ್ತಾರೆ. ನೀರಿನಲ್ಲಿರುವ ತಾಮ್ರದಲ್ಲಿ ಬಿಡಿಯಾಗಿರುವುದು ಎಷ್ಟು?

ತಾಮ್ರಕ್ಕೂ ಪಾಚಿಗೂ ಇರುವ ಹಗೆತನ ಹಳೆಯದು. ಸ್ವಿಸ್ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ ಸ್ಪೈರೋಗೈರಾ ಎಂಬ ಎಳೆಪಾಚಿಯನ್ನು ಇಟ್ಟುಕೊಂಡು ಪ್ರಯೋಗ ಮಾಡಿದರು. ತಾಮ್ರದ ನಾಣ್ಯ ಹಾಕಿಟ್ಟ ನೀರೂ ಅದನ್ನು ಕೊಲ್ಲುತ್ತಿತ್ತು. ಅವರು ತೀರಿಕೊಂಡ ಎರಡು ವರ್ಷಕ್ಕೆ, 1893ರಲ್ಲಿ, ಆ ವರದಿ ಅಚ್ಚಾಯಿತು. 1904ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಜಾರ್ಜ್ ಮೂರ್ ಮತ್ತು ಕಾರ್ಲ್ ಕೆಲರ್ಮನ್, ಕುಡಿಯುವ ನೀರಿನ ಜಲಾಶಯಗಳ ಪಾಚಿ ನಿವಾರಣೆಗೆ ಮೈಲುತುತ್ತನ್ನು ಸೂಚಿಸಿದರು. ಆದರೆ ಅಳತೆ ಒಂದೇ ಆದರೂ ಎಲ್ಲ ನೀರಿನಲ್ಲೂ ಫಲ ಒಂದೇ ಅಲ್ಲ. ಕ್ಷಾರತೆ ಹೆಚ್ಚಿರುವ ನೀರಿನಲ್ಲಿ ತಾಮ್ರ ಕಾರ್ಬೊನೇಟಿನ ಜೊತೆ ಸೇರಿ ತಳಕ್ಕಿಳಿಯುತ್ತದೆ, ಪಾಚಿ ಉಳಿದುಬಿಡುತ್ತದೆ.

ಪಾಚಿಗೆ ತಾಮ್ರ ಬೇಡವೇ ಬೇಡ ಎಂದೇನಿಲ್ಲ. ದ್ಯುತಿಸಂಶ್ಲೇಷಣೆಗೆ ಅತ್ಯಲ್ಪ ತಾಮ್ರ ಬೇಕೇ ಬೇಕು, ಅದಕ್ಕಾಗಿ ಜೀವಕೋಶದ ಮೈಮೇಲೆ ಬಾಗಿಲುಗಳೂ ಇವೆ. ಆ ಬಾಗಿಲಿಗೆ ಹೆಚ್ಚು ಸಲೀಸಾಗಿ ಹೊಂದುವುದು ಬಿಡಿ ಅಯಾನು. ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ನೀರಿನಲ್ಲಿರುವ ಹ್ಯೂಮಿಕ್ ಆಮ್ಲಗಳು ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಕೋಶದ ಬಾಗಿಲಿಗೆ ತಲುಪುವುದು ಅಳಿದುಳಿದಷ್ಟೇ.

ಪಿಎಚ್‌ ವಿಷಯ ಇನ್ನೂ ಸ್ವಾರಸ್ಯದ್ದು. ನೀರು ಆಮ್ಲೀಯವಾದಷ್ಟೂ ಬಿಡಿ ತಾಮ್ರ ಹೆಚ್ಚುತ್ತದೆ. ಪಾಚಿಗೆ ಅಪಾಯವೂ ಹೆಚ್ಚಬೇಕು ಅನ್ನಿಸುತ್ತದೆ. ಆದರೆ ಆಗ ಹೈಡ್ರೋಜನ್ ಅಯಾನುಗಳೂ ಅದೇ ಬಾಗಿಲಿಗೆ ಮುಗಿಬಿದ್ದು ತಾಮ್ರಕ್ಕೆ ಅಡ್ಡ ನಿಲ್ಲುತ್ತವೆ. ಪಿಎಚ್ ಏರಿದಾಗ ಬಿಡಿ ತಾಮ್ರ ಕಡಿಮೆಯಾದರೂ ಪೈಪೋಟಿ ಇಲ್ಲದ್ದರಿಂದ ಇದ್ದಷ್ಟೇ ಅಯಾನುಗಳ ಪೆಟ್ಟು ಜೋರು. ಮೇಲಾಗಿ ಪಾಚಿಯೇ ತನ್ನ ನೀರನ್ನು ಬದಲಿಸುತ್ತದೆ. ಹಸಿರುಗಟ್ಟಿದ ಕೆರೆಯಲ್ಲಿ ಬಿಸಿಲೇರಿದಂತೆ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಪಿಎಚ್ 9 ದಾಟುವುದುಂಟು. ಬೆಳಿಗ್ಗೆಯ ನೀರೇ ಬೇರೆ, ಮಧ್ಯಾಹ್ನದ ನೀರೇ ಬೇರೆ.

ಪ್ರಯೋಗಾಲಯದಲ್ಲೂ ಎಚ್ಚರ ಬೇಕು. ನಾರ್ವೆಯ ನಿಟೆಲ್ವಾ ನದಿಯಿಂದ 1959ರಲ್ಲಿ ಬೇರ್ಪಡಿಸಿದ, ಬಿದಿಗೆ ಚಂದ್ರನಂತೆ ಬಾಗಿದ ಪುಟ್ಟ ಹಸಿರು ಪಾಚಿಯೊಂದು ಇಂದು ಜಗತ್ತಿನೆಲ್ಲೆಡೆ ವಿಷಪರೀಕ್ಷೆಗೆ ಬಳಕೆಯಲ್ಲಿದೆ. 72 ಗಂಟೆಯಲ್ಲಿ ಅದರ ಬೆಳವಣಿಗೆ ಎಷ್ಟು ಕುಂಠಿತವಾಯಿತು ಎಂದು ಅಳೆಯುತ್ತಾರೆ. ಅದನ್ನು ಬೆಳೆಸುವ ಪೋಷಕ ದ್ರವಕ್ಕೆ ಹಾಕುವ ಇಡಿಟಿಎ ಎಂಬ ರಾಸಾಯನಿಕವೂ ಲೋಹವನ್ನು ಹಿಡಿದಿಡುವಂಥದ್ದು. ಅದು ಹೆಚ್ಚಿದ್ದರೆ ವಿಷದ ನೀರೂ ನಿರಪಾಯವೆಂಬಂತೆ ಕಾಣುತ್ತದೆ.

ಈ ತಿಳಿವಳಿಕೆ ಕಾನೂನಿನವರೆಗೂ ಬಂದಿದೆ. ಸಿಹಿನೀರಿನ ಜೀವಿಗಳಿಗಾಗಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2007ರಲ್ಲಿ ಪ್ರಕಟಿಸಿದ ತಾಮ್ರದ ಮಾನದಂಡದಲ್ಲಿ ಎಲ್ಲ ನೀರಿಗೂ ಒಂದೇ ಮಿತಿ ಇಲ್ಲ. ಪಿಎಚ್, ಕರಗಿದ ಸಾವಯವ ಇಂಗಾಲ, ಕ್ಯಾಲ್ಸಿಯಂ ಸೇರಿ ಹತ್ತು ಅಂಶಗಳನ್ನು ಲೆಕ್ಕಕ್ಕೆ ಹಿಡಿದು ಆಯಾ ನೀರಿನ ಮಿತಿ ತೀರ್ಮಾನವಾಗುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 2 ಮಿಲಿಗ್ರಾಂ ತಾಮ್ರದವರೆಗೆ ಸೈ ಎನ್ನುತ್ತದೆ. ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣಕ್ಕೇ ಪಾಚಿ ನರಳುತ್ತದೆ. ನಾವು ಕುಡಿಯಬಹುದಾದ ನೀರು ಪಾಚಿಗೆ ಕ್ಷೇಮವೆಂದು ಹೇಳಲಾಗದು.

ಮಲೆನಾಡಿನ ಹಳ್ಳಗಳ ನೀರು ಮೆದು, ಸುಣ್ಣದಂಶ ಕಡಿಮೆ. ಹಾಗಾಗಿ ತಾಮ್ರಕ್ಕೆ ಅಲ್ಲಿ ತಡೆಯೂ ಕಡಿಮೆ. ಅಲ್ಲಿ ಕಲ್ಲಿಗಂಟಿದ ಪಾಚಿಯನ್ನು ಕೆರೆದು ತಿಂದೇ ಗೊದಮೊಟ್ಟೆಗಳು ಬೆಳೆಯುತ್ತವೆ. ಮದ್ದು ಹೊಡೆದು ಮುಗಿದ ಸಂಜೆ ಡ್ರಮ್ಮು ತೊಳೆದ ನೀರನ್ನು ಹಳ್ಳಕ್ಕೆ ಬಿಡದೆ ತೋಟದಲ್ಲೇ ಚೆಲ್ಲುವುದು ಲೇಸು. ಸೊಪ್ಪು, ಗೊಬ್ಬರ ಕೊಳೆತ ಕಪ್ಪುಮಣ್ಣು ಆ ತಾಮ್ರದ ಬಹುಪಾಲನ್ನು ಹಿಡಿದುಕೊಳ್ಳುತ್ತದೆ. ಹಳ್ಳದ ಕಲ್ಲುಗಳ ಮೇಲೆ ಪಾಚಿ ಹಸಿರಾಗಿರುತ್ತದೆ.