ಹಿಡಿತಕ್ಕೆ ಸಿಗದ ‘ಟೇಕ್’

ಅಡಿಕೆ ಕೊಯ್ಲಿನ ದಿನಗಳು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಮನೆಗಳಲ್ಲಿ ರಾತ್ರಿ ಅಡಿಕೆ ಸುಲಿಯುವ ಕೆಲಸ. ದೊಡ್ಡವರು ಮೆಟ್ಟುಗತ್ತಿಯ ಮೇಲೆ ಕೂತಿದ್ದರೆ ಪಕ್ಕದಲ್ಲೇ ಮಗ ಇಂಗ್ಲಿಷ್ ಪುಸ್ತಕ ಬಿಡಿಸಿದ್ದಾನೆ. “ಅಪ್ಪಯ್ಯಾ, ‘ಟೇಕ್’ ಅಂದ್ರೆ ತಗಳದು ಅಲ್ದಾ? ಹಂಗಾರೆ ‘ಟೇಕ್ ಆಫ್ಟರ್’ ಅಂದ್ರೆ ಎಂತದು?” ಎಂದು ಕೇಳಿದರೆ ಅಪ್ಪಯ್ಯ ಏನು ಹೇಳಬೇಕು? “ಮಾಸ್ತರ ಹತ್ರ ಕೇಳು” ಎಂದು ಜಾರಿಕೊಳ್ಳುವುದು ಸುಲಭ. ಆದರೆ ಕನ್ನಡ ಮಾಧ್ಯಮದ ಮಕ್ಕಳನ್ನು ಹೆದರಿಸುವುದು ಉದ್ದನೆಯ ಪದಗಳಲ್ಲ, ಇಂಥ ಪುಟ್ಟ ಕ್ರಿಯಾಪದಗಳೇ.

ಒಂದು ಪದಕ್ಕೆ ಒಂದೇ ಅರ್ಥ ಎಂಬ ಬಾಯಿಪಾಠವೇ ತೊಡಕಿನ ಮೂಲ. ರಜೆ, ಔಷಧಿ ತೆಗೆದುಕೊಳ್ಳುವುದಕ್ಕೂ ಫೋಟೋ ತೆಗೆಯುವುದಕ್ಕೂ ‘ಟೇಕ್’ ಸರಿ. ಆದರೆ ‘ಬಾಗಿಲು ತೆಗೆ’ ಎನ್ನುವಲ್ಲಿ ‘ಓಪನ್’ ಬರಬೇಕು. ‘ಟೇಕ್ ಆಫ್’ ಎಂದರೆ ಅಂಗಿ ಕಳಚುವುದೂ ಹೌದು, ವಿಮಾನ ಮೇಲೇರುವುದೂ ಹೌದು. ‘ಟೇಕ್ ಆಫ್ಟರ್’ ಎಂದರೆ ಹೆತ್ತವರನ್ನು ಹೋಲುವುದು. ಇಲ್ಲಿಗೆ ತರುವುದು ‘ಬ್ರಿಂಗ್’, ಅಲ್ಲಿಗೆ ಒಯ್ಯುವುದು ‘ಟೇಕ್’.

ಇದು ಇಂಗ್ಲಿಷಿನದೇ ತಂಟೆ ಎಂದುಕೊಳ್ಳಬೇಡಿ. ನಮ್ಮ ‘ಹಿಡಿ’ಯನ್ನೇ ನೋಡಿ. ಮೀನು ಹಿಡಿಯುತ್ತೇವೆ, ಬಸ್ಸು ಹಿಡಿಯುತ್ತೇವೆ, ಮಳೆ ಹಿಡಿಯುತ್ತದೆ, ಹಟ ಹಿಡಿಯುತ್ತೇವೆ. ಯಲ್ಲಾಪುರದಿಂದ ಶಿರಸಿಗೆ ಹೋಗಲು ಎಷ್ಟು ಹೊತ್ತು ‘ಹಿಡಿಯುತ್ತದೆ’ ಎಂದು ಕೇಳುವಲ್ಲಿ ಇಂಗ್ಲಿಷಿನವರು ಬಳಸುವುದು ‘ಟೇಕ್’ ಪದವನ್ನೇ!

ಸೋಜಿಗವೆಂದರೆ ಈ ‘ಟೇಕ್’ ಮೂಲತಃ ಇಂಗ್ಲಿಷಿನದಲ್ಲ. 9ನೇ ಶತಮಾನದಿಂದ ಇಂಗ್ಲೆಂಡಿನಲ್ಲಿ ನೆಲೆಸತೊಡಗಿದ ಸ್ಕ್ಯಾಂಡಿನೇವಿಯದ ವೈಕಿಂಗರು ತಂದ ‘ತಾಕ’ ಎಂಬ ಪದವದು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿದ್ದದ್ದು ‘ನಿಮನ್’. ಹೊಸ ಪದ ಹಳೆಯದನ್ನು ಮೂಲೆಗೊತ್ತಿತು. ಸಂಬಂಧಿ ಭಾಷೆಯಾದ ಗೋಥಿಕ್‌ನಲ್ಲಿ ‘ತೇಕನ್’ ಎಂದರೆ ಮುಟ್ಟು. ನಮ್ಮ ‘ತಾಕು’ ನೆನಪಾಗುತ್ತದೆಯೇ? ಅದು ಬರೀ ಕಾಕತಾಳೀಯ. ಕನ್ನಡ ದ್ರಾವಿಡ ಕುಲದ್ದು, ಅವು ಜರ್ಮ್ಯಾನಿಕ್ ಕುಲದವು. ಪದಗಳ ಮುಖ ಹೋಲಿದ ಮಾತ್ರಕ್ಕೆ ನೆಂಟಸ್ತನ ಹೇಳಬಾರದು.

‘ನಿಮನ್’ ಪೂರ್ತಿ ಅಳಿಯಲಿಲ್ಲ. ಮರಗಟ್ಟಿದ ಎಂಬರ್ಥದ ‘ನಮ್’ ಪದ ಹುಟ್ಟಿದ್ದು ಅದರಿಂದಲೇ. ಸ್ಪರ್ಶಜ್ಞಾನವನ್ನು ಯಾರೋ ‘ತೆಗೆದುಕೊಂಡ’ ಸ್ಥಿತಿ ಅದು. ಇತ್ತ ನಾವು ಕಾಲು ಜೋಮು ‘ಹಿಡಿಯಿತು’ ಎನ್ನುತ್ತೇವೆ. ಎರಡು ಬೇರೆ ಕುಲದ ಭಾಷೆಗಳು, ಆದರೆ ಕಲ್ಪನೆ ಎಷ್ಟು ಹತ್ತಿರ!

ಆದ್ದರಿಂದ ವಿದ್ಯಾರ್ಥಿಗಳೇ, ಪದವನ್ನು ಒಂಟಿಯಾಗಿ ಕಲಿಯಬೇಡಿ. ವಾಕ್ಯದೊಡನೆ ಕಲಿಯಿರಿ. ದಿನಕ್ಕೊಂದು ವಾಕ್ಯ ಬರೆದು, ಮನೆಯ ಮಾತಿನಲ್ಲಿ ಅದನ್ನು ಹೇಗೆ ಹೇಳುತ್ತೀರೆಂದು ಪಕ್ಕದಲ್ಲಿ ಬರೆಯಿರಿ. ಪಾಲಕರೇ, ಇಂಗ್ಲಿಷ್ ಬರುವುದಿಲ್ಲವೆಂದು ಹಿಂಜರಿಯಬೇಡಿ. ಇಂದು ರಾತ್ರಿ ಮೆಟ್ಟುಗತ್ತಿಯಿಂದ ಏಳುವಾಗ ಕಾಲು ಜೋಮು ಹಿಡಿದರೆ ಮಗನನ್ನು ಕರೆದು ‘ನಮ್’ ಕತೆ ಹೇಳಿ. ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.